ಹದಿಹರೆಯದವರ ಕಾದಂಬರಿ: ಫ್ರಾಂಕೆನ್‌ಸ್ಟೈನ್‌ನ ಜೀವಿ, ಡ್ರಾಕುಲಾ ಇವತ್ತು ನಮ್ಮ ಕಡೆ ಇದ್ದಿದ್ದರೆ?

ಕೆಂಧೂಳಿ (ಬಳ್ಳಾರಿ)

ಹೈಸ್ಕೂಲು, ಪಿಯು ಮಕ್ಕಳು ಓದುವಂಥ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಹಳೆಯ ಇಂಗ್ಲಿಷ್ ಕಾದಂಬರಿಗಳ ಭಯಂಕರ ಪಾತ್ರಗಳು ಇವತ್ತಿನ ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಬದುಕಬೇಕಾಗಿ ಬಂದರೆ ಏನಾಗುತ್ತದೆ ಅನ್ನುವುದು ಕಥೆ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (1818), ಒಬ್ಬನೇ ಮನುಷ್ಯ ಇಬ್ಬರಾಗಿ ಬದುಕುವ, ಸ್ಟೀವನ್‌ಸನ್ ಬರೆದ ಜೆಕಿಲ್-ಹೈಡ್ ಕಥೆ (1886), ಆಮೇಲೆ 1897ರಲ್ಲಿ ಒಟ್ಟಿಗೇ ಬಂದ ಎರಡು: ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಮತ್ತು ವೆಲ್ಸ್‌ನ ಅದೃಶ್ಯ ಮನುಷ್ಯ. ಸದ್ಯಕ್ಕೆ ಈ ನಾಲ್ಕು.

ಸಿನಿಮಾ ಬಿಟ್ಟು ಪುಸ್ತಕ ಹಿಡಿಯಬೇಕು ಅಂತ ನಿರ್ಧಾರ ಮಾಡಿದ್ದೇನೆ. ಕುತ್ತಿಗೆಗೆ ಬೋಲ್ಟು, ಚಪ್ಪಟೆ ತಲೆ, ಮಾತು ಬಾರದೆ ಗುರುಗುಡುವುದು, ಇದೆಲ್ಲ 1931ರ ಹಾಲಿವುಡ್‌ನದು. ಪುಸ್ತಕದಲ್ಲಿ ಫ್ರಾಂಕೆನ್‌ಸ್ಟೈನ್‌ನ ಜೀವಿ ಎಂಟಡಿ ಎತ್ತರ, ಹಳದಿ ಚರ್ಮ, ಹೊಳೆಯುವ ಕಪ್ಪು ಕೂದಲು, ಬಿಳೀ ಹಲ್ಲು. ಮಾತಿಗೆ ನಿಂತರೆ, ಹೆಣಗಳ ತುಂಡು ಜೋಡಿಸಿ ಅವನನ್ನು ಮಾಡಿದ ವಿಕ್ಟರ್ ಫ್ರಾಂಕೆನ್‌ಸ್ಟೈನ್‌ಗೇ ಉತ್ತರ ಹೊಳೆಯುವುದಿಲ್ಲ. ಕಾಡಿನಲ್ಲಿ ಬಿದ್ದಿದ್ದ ಚೀಲದಲ್ಲಿ ಸಿಕ್ಕ ಪುಸ್ತಕ ಓದುತ್ತಾನೆ: ಮಿಲ್ಟನ್, ಪ್ಲುಟಾರ್ಕ್, ಗಯಟೆ. ಕಣ್ಣು ಬಿಟ್ಟ ರಾತ್ರಿಯೇ ಮಾಡಿದವನು ಅಸಹ್ಯಪಟ್ಟು ಓಡಿಹೋದ, ಹೆಸರನ್ನೂ ಇಡಲಿಲ್ಲ. 1823ರಲ್ಲಿ ಲಂಡನ್ನಿನಲ್ಲಿ ಇದು ನಾಟಕವಾದಾಗ ಪಾತ್ರಧಾರಿಗಳ ಪಟ್ಟಿಯಲ್ಲಿ ಅವನ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ಆ ಆಟವನ್ನು ಮೇರಿಯೂ ನೋಡಿದ್ದಳು, ಗೆರೆ ಅವಳಿಗೆ ಹಿಡಿಸಿತ್ತು. ನನಗೂ ಹಿಡಿಸಿದೆ.

ಡ್ರಾಕುಲಾನೂ ಹಾಗೆಯೇ. ಪುಸ್ತಕದಲ್ಲಿ ಹಗಲು ಹೊತ್ತು ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ, ಶಕ್ತಿ ಕಡಿಮೆ ಇರುತ್ತದೆ ಅಷ್ಟೆ. ಬಿಸಿಲು ಬಿದ್ದರೆ ಸಾಯುತ್ತಾನೆ ಅನ್ನುವುದು 1922ರ ಒಂದು ಜರ್ಮನ್ ಮೂಕಿ ಚಿತ್ರ ಹುಟ್ಟಿಸಿದ್ದು. ಬಳ್ಳಾರಿ ಬಿಸಿಲಿಗೆ ಪುಸ್ತಕದ ಡ್ರಾಕುಲಾನೇ ವಾಸಿ.

ಈಗಿನ ಕರಡಿನಲ್ಲಿ ನಾಲ್ವರೂ ಮೋಕಾ ರಸ್ತೆ ಕಡೆಯ ಒಂದು ಪಿಯು ಹಾಸ್ಟೆಲ್‌ನಲ್ಲಿ ಸೇರುತ್ತಾರೆ. ಓದಿ ಬಲ್ಲವರು, ಮಕ್ಕಳಿಗೆ ಪಾಠ ಮಾಡುವವರು, ಮುಖ್ಯವಾಗಿ ಆ ವಯಸ್ಸಿನವರು, ನಿಮಗೆ ಏನನ್ನಿಸುತ್ತದೆ ಹೇಳಿ. ಮುಲಾಜು ಬೇಡ.

ಕೌಲ್‌ಬಜಾರ್ ಕಾಕಾ

ಅಮ್ಮಾ, ಬರವಣಿಗೆಗೆ ಒಳ್ಳೆಯದಾಗಲಿ. ಆದರೆ ರಾಕ್ಷಸರಿಗೆ ನಮ್ಮಲ್ಲಿ ಬರ ಬಂದಿದೆಯೇ, ಲಂಡನ್ನಿನಿಂದ ಸಾಲ ತರುವುದಕ್ಕೆ? ಹಂಪಿ ಹತ್ತಿರದ ನಿಂಬಾಪುರಕ್ಕೆ ಹೋದರೆ ಬೂದಿಗುಡ್ಡೆ ತೋರಿಸಿ ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಕುಡತಿನಿಯಲ್ಲೂ ಬೂದಿದಿಬ್ಬ ಇದೆ. ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟ ಬೂದಿ ಅಂತ ಶೋಧಕರು ಹೇಳಿದ್ದಾರೆ, ಹೇಳಲಿ. ಗಂಗಾವತಿ ಕಡೆ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಕಲ್ಲುಮನೆಗಳಿವೆ, ಕುಳ್ಳ ಮೊರೇರು ಕಟ್ಟಿಕೊಂಡಿದ್ದರಂತೆ. ಬೇತಾಳ ಇದ್ದಾನೆ. ಬಾಗಿಲ ಮೇಲೆ ‘ನಾಳೆ ಬಾ’ ಬರೆದದ್ದನ್ನು ನಿಮ್ಮ ತಾಯಿಯನ್ನು ಕೇಳಿ, ಹೇಳುತ್ತಾರೆ. ನಾವು ಚಿಕ್ಕವರಿದ್ದಾಗ ದೊಡ್ಡಾಟದಲ್ಲಿ ರಾಕ್ಷಸ ವೇಷ ಅಟ್ಟದ ಮೇಲೆ ಕುಣಿದು ಬಂದರೆ ಮುಂದಿನ ಸಾಲಿನವರು ಹಿಂದಕ್ಕೆ ಸರಿಯುತ್ತಿದ್ದರು. ಅದನ್ನು ಬರೆಯಿರಿ.

ಮಿರ್ಚಿಮಂಡಕ್ಕಿ

ಕಾಕಾ, ವಾಲಿ ವಾನರ, ರಾಕ್ಷಸ ಅಲ್ಲ. ಅಂಜನಾದ್ರಿ ಕಡೆ ಈ ಮಾತು ಜೋರಾಗಿ ಆಡಬೇಡಿ 😄

ಕೌಲ್‌ಬಜಾರ್ ಕಾಕಾ

ಗೊತ್ತಪ್ಪಾ. ಬೂದಿಯ ವಿಷಯ ಹೇಳಿದೆ.

ಕೆಂಧೂಳಿ (ಬಳ್ಳಾರಿ)

ಕಾಕಾ, ನಿಮ್ಮ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ. ನಮ್ಮ ರಾಕ್ಷಸರೆಲ್ಲ ಮನೆತನಸ್ಥರು. ಹಿಡಿಂಬೆಗೆ ಅಣ್ಣ ಇದ್ದ, ಗಂಡ ಸಿಕ್ಕ, ಘಟೋತ್ಕಚ ಹುಟ್ಟಿದ. ರಾವಣನಿಗೆ ಊರು, ತಮ್ಮಂದಿರು, ಸತ್ತಾಗ ಅಳಲು ಮಂಡೋದರಿ. ವಾಲಿಯನ್ನು ಸುಟ್ಟ ಜಾಗ ಅಂತ ತೋರಿಸುತ್ತೀರಲ್ಲ, ಸುಡಲು ನಾಲ್ಕು ಜನ ಇದ್ದರು ಅಂತಲೇ ಅರ್ಥ. ಬೇತಾಳ ಕೂಡ ತನ್ನನ್ನು ಯಾರು ಹುಟ್ಟಿಸಿದರು ಅಂತ ತಲೆ ಕೆಡಿಸಿಕೊಂಡವನಲ್ಲ, ಬೇರೆಯವರಿಗೆ ಒಗಟು ಹಾಕುತ್ತಾ ಕೂತ. ಶೆಲ್ಲಿಯ ಜೀವಿಗೆ ತಾಯಿ ಇಲ್ಲ, ಅಪ್ಪ ಅನ್ನಬೇಕಾದವನು ಓಡಿಹೋದ, ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ. ಅಂಥವನು ನಮ್ಮ ಪುರಾಣದಲ್ಲಿ ನನಗೆ ಸಿಗಲಿಲ್ಲ, ಅದಕ್ಕೇ ಹೊರಗಿನಿಂದ ತಂದೆ. ದೊಡ್ಡಾಟದ ವೇಷ ಮಾತ್ರ ಖಂಡಿತ ಬರುತ್ತದೆ, ಅದನ್ನು ನಿಮ್ಮನ್ನು ಕೇಳಿಯೇ ಬರೆಯುತ್ತೇನೆ.

ಸೆಕೆಂಡ್ ಪಿಯು ಸೈನ್ಸ್

ಅಕ್ಕೋರೆ, ನಾನು ನೀವು ಹೇಳಿದ ವಯಸ್ಸಿನವಳೇ. ನೇರ ಹೇಳ್ತೀನಿ, ಬೇಜಾರಾಗಬೇಡಿ. ಹಾಸ್ಟೆಲ್ ಬೇಡ. ಹಾಸ್ಟೆಲ್‌ನಲ್ಲಿ ಒಂದು ವ್ಯಾಂಪೈರ್ ಹುಡುಗ, ಅವನ ಮೇಲೆ ಒಬ್ಬಳಿಗೆ ಮನಸ್ಸು, ರಾತ್ರಿ ಟೆರೇಸ್ ಮೇಲೆ ಮಾತು... ಇದನ್ನ ಫೋನಿನಲ್ಲಿ ಎಷ್ಟು ಓದಿದ್ದೀವೋ ಲೆಕ್ಕ ಇಲ್ಲ. ಇನ್ನೊಂದು, ಕನ್ನಡದಲ್ಲಿ ನಮಗೆ ಅಂತ ಯಾರೇ ಬರೆದರೂ ಕೊನೆಗೆ ‘ಮೊಬೈಲ್ ಬಿಡಿ, ತಂದೆ ತಾಯಿ ಮಾತು ಕೇಳಿ’ ಅಂತ ಬಂದೇ ಬರುತ್ತೆ. ದಯವಿಟ್ಟು ಅದು ಬೇಡ. ನನಗೆ ಹೆದರಿಕೆ ಆಗಬೇಕು. ರಾತ್ರಿ ಎದ್ದು ನೀರು ಕುಡಿಯೋಕೆ ಅಡುಗೆಮನೆಗೆ ಹೋಗೋಕೆ ಆಗಬಾರದು.

ಇನ್ನೂ ಒಂದು ಡೌಟು. ಅವನನ್ನ ಕರೆಂಟಿಂದ ಎಬ್ಬಿಸ್ತಾರಾ?

ಮಿರ್ಚಿಮಂಡಕ್ಕಿ

ಲ್ಯಾಬ್ ರಾಯಚೂರಲ್ಲಿಡಿ. ಶಕ್ತಿನಗರದ ಥರ್ಮಲ್ ಪ್ಲಾಂಟ್ ಪಕ್ಕದಲ್ಲೇ. ಅರ್ಧ ಎದ್ದಾಗ ಲೋಡ್‌ಶೆಡ್ಡಿಂಗ್ ಆಗಬೇಕು.

ಕೆಂಧೂಳಿ (ಬಳ್ಳಾರಿ)

ಹೆಂಗೆ ಎಬ್ಬಿಸಿದ ಅಂತ ವಿಕ್ಟರ್ ಎಲ್ಲೂ ಬಾಯಿ ಬಿಡುವುದಿಲ್ಲ. ಜೀವದ ಕಿಡಿ ಅಂತ ಒಂದು ಮಾತು ಬರುತ್ತದೆ, ಅಷ್ಟೆ. ಮಿಂಚು, ಸ್ವಿಚ್ಚು, ಮೇಲಕ್ಕೇರುವ ಮಂಚ ಎಲ್ಲ ಸಿನಿಮಾದವರ ಕೈವಾಡ. ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಗ್ಯಾಲ್ವಾನಿ ತೋರಿಸಿದ್ದ, ಆ ಕಾಲದವರ ತಲೆಯಲ್ಲಿ ಅದು ಇತ್ತು. 1831ರ ಆವೃತ್ತಿಯ ಮುನ್ನುಡಿಯಲ್ಲಿ ಮೇರಿಯೇ ಅದನ್ನು ನೆನೆಯುತ್ತಾಳೆ.

ಸೈನ್ಸ್ ತಂಗಿ, ಮೇರಿ ಇದನ್ನು ಶುರುಮಾಡಿದಾಗ ಅವಳಿಗೆ 18. ನಿನಗಿಂತ ಒಂದೆರಡು ಪರೀಕ್ಷೆ ಮುಂದೆ ಇದ್ದಳು ಅನ್ನು. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಅದರ ಧೂಳು ಮೇಲೇರಿ, 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಮನೆಯಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡು ಕೂತವರಿಗೆ ಕವಿ ಬೈರನ್ ಒಬ್ಬೊಬ್ಬರೂ ಒಂದು ದೆವ್ವದ ಕಥೆ ಬರೆಯಿರಿ ಅಂದ. ಅದರ ಹಿಂದಿನ ವರ್ಷವಷ್ಟೇ ಅವಳ ಮೊದಲ ಕೂಸು ತೀರಿಹೋಗಿತ್ತು. ಇದೆಲ್ಲ ಗೊತ್ತಾದ ಮೇಲೆ ಇದು ದೊಡ್ಡವರು ಮಕ್ಕಳಿಗೆ ಬರೆದ ಕಥೆ ಅಂತ ನನಗೆ ಅನಿಸಲಿಲ್ಲ. ನಿನ್ನ ವಯಸ್ಸಿನವಳು ದೊಡ್ಡವರ ಕೊರಳಪಟ್ಟಿ ಹಿಡಿದು ಕೇಳಿದ ಪ್ರಶ್ನೆ ಅದು: ಹುಟ್ಟಿಸಿದಿರಿ, ಈಗ ಯಾಕೆ ಮುಖ ತಿರುಗಿಸುತ್ತೀರಿ?

ಎರೆಹೊಲ (ಕುಷ್ಟಗಿ)

ಅಕ್ಕೋರ, ಹುಡುಗಿ ಹೇಳಿದ್ದು ಖರೆ ಐತಿ, ಹಾಸ್ಟೆಲ್ ಬಿಡ್ರಿ. ಆ ಪುಸ್ತಕದಾಗ ಕುರುಡ ಮುದುಕನ ಮನಿ ಬರತೈತಲ್ಲ, ಅದನ್ನ ಓದುವಾಗ ನನಗ ನಮ್ಮೂರು ಕಣ್ಣಿಗೆ ಕಟ್ಟಿತ್ತು.

ಓದದವರಿಗೆ ಹೇಳ್ತೀನಿ. ಎಲ್ಲಾರೂ ಕಲ್ಲು ಬೀಸಿ ಓಡಿಸಿದ ಮ್ಯಾಲೆ ಆ ಜೀವಿ ಒಂದು ಬಡವರ ಮನಿಗೆ ಹೊಂದಿಕೊಂಡ ಗೂಡಿನ್ಯಾಗ ಅಡಗತಾನ. ಗ್ವಾಡಿ ಬಿರುಕಿನಾಗಿಂದ ಆ ಮನಿ ಮಂದೀನ ತಿಂಗಳಗಟ್ಟಲೆ ನೋಡತಾನ. ಕುರುಡ ಅಪ್ಪ, ಮಗ, ಮಗಳು. ರಾತ್ರಿ ಯಾರಿಗೂ ಗೊತ್ತಾಗದಂಗ ಕಟಿಗಿ ಕಡದು ತಂದು ಬಾಗಲಿಗೆ ಒಟ್ಟತಾನ. ಮಾತು ಕಲಿಯೂದೂ ಅಲ್ಲೇ. ಪರದೇಶದಿಂದ ಬಂದ ಸಾಫಿ ಅನ್ನೂ ಹುಡುಗಿಗೆ ಮನಿಯವರು ಭಾಷಾ ಕಲಿಸತಿದ್ದರ, ಇವ ಗ್ವಾಡಿ ಆಚಿಗೆ ಕುಂತು ಆಕಿಕಿಂತ ಜಲ್ದಿ ಕಲೀತಾನ.

ಈಗ ನಮ್ಮ ಕಡೆ ನೋಡ್ರಿ. ದೀಪಾವಳಿ ಮುಗೀತಂದ್ರ ಓಣಿ ಓಣಿನ ಗುಳೆ ಹೋಗತೈತಿ. ಬೆಂಗಳೂರು, ಗೋವಾ, ಪುಣೆ, ಎಲ್ಲಿ ಕಟ್ಟಡ ಏಳಾಕತ್ತೈತೋ ಅಲ್ಲಿ. ಮನಿಗೆ ಕೀಲಿ. ಉಳಿಯೋರು ಮುದುಕ್ರು, ಸಾಲಿಗೆ ಹೋಗೂ ಹುಡುಗ್ರು. ಕಣ್ಣಿಗೆ ಪೊರೆ ಬಂದ ಮುದುಕಿ ಒಬ್ಬಾಕಿ ಕಟ್ಟಿ ಮ್ಯಾಲೆ ಕುಂತಿರತಾಳ, ಜೋಡಿ ಮೊಮ್ಮಗಳು. ನಿಮ್ಮ ಎಂಟಡಿ ಮನಷ್ಯಾ ಅಲ್ಲಿ ಬರಲಿ. ಬಾಜೂಕ ಕೀಲಿ ಹಾಕಿದ ಮನಿ ಹಿತ್ತಲದಾಗ ಇಳೀಲಿ. ಮುಂಜಾನೆ ಎದ್ದರ ಬಾಗಲಾಗ ಬಳ್ಳಾರಿ ಜಾಲಿ ಕಟಿಗಿ ಹೊರಿ, ಮುಳ್ಳು ಸವರಿ ಇಟ್ಟಿದ್ದು. ಟಾಕಿಯಿಂದ ತುಂಬಿ ತಂದ ಕೊಡ ಸಾಲಾಗಿ. ಮುದುಕಿ ಓಣಿ ಹುಡುಗರು ಮಾಡ್ಯಾರ ಅನಕೋತಾಳ. ಸಂಜೀಕ ಮೊಮ್ಮಗಳು ಮೂರನೆತ್ತಾ ಕನ್ನಡ ಪುಸ್ತಕ ಗಟ್ಟಿಯಾಗಿ ಓದತಾಳ, ಗ್ವಾಡಿ ಆಚಿಗೆ ಅವನೂ ಅಕ್ಷರ ತಿದ್ದತಾನ, ನೆಲದ ಮ್ಯಾಲೆ, ಬಳ್ಳೀಲೆ.

ಒಂದಿನ ಧೈರ್ಯ ಮಾಡಿ ಮುದುಕಿ ಹಂತ್ಯಾಕ ಹೋಗಿ ಕುಂದರತಾನ. ಆಕಿಗೆ ಕಾಣಂಗಿಲ್ಲ, ಅದಕ್ಕ ಹೆದರಂಗಿಲ್ಲ. ‘ಉಂಡಿಯೇನಪಾ’ ಅಂತಾಳ. ಅಷ್ಟರಾಗ ಯುಗಾದಿಗೆ ಅಂತ ಮಗ ಗಾಡಿ ಇಳಿದು ಬರತಾನ. ಪುಸ್ತಕದಾಗೂ ಹಂಗ ಐತಿ, ಮಗ ಬಂದು ಬಡಗೀಲೆ ಹೊಡಿತಾನ, ಇವನಿಗೆ ಅವನ್ನ ಹರಿದು ಒಗಿಯೂ ಶಕ್ತಿ ಇದ್ದರೂ ಕೈ ಎತ್ತಂಗಿಲ್ಲ. ಹೊಡತ ತಿಂದು ಹೋಗತಾನ. ಇದಕ್ಕಿಂತ ಬ್ಯಾರೆ ಏನ್ ಬೇಕ್ರಿ ಕಥಿಗೆ?

ಸೆಕೆಂಡ್ ಪಿಯು ಸೈನ್ಸ್

‘ಉಂಡಿಯೇನಪಾ’ ಓದಿ ಅಳು ಬಂತು ಅಣ್ಣಾ. ಆದರೆ ಹೆದರಿಕೆ ಎಲ್ಲಿ?

ಕೆಂಧೂಳಿ (ಬಳ್ಳಾರಿ)

ಹೆದರಿಕೆ ಅದರ ಮುಂದಿನ ಅಧ್ಯಾಯದಲ್ಲಿದೆ. ಆ ಹೊಡೆತ ತಿಂದವನು ಮನೆಗೆ ಬೆಂಕಿ ಇಡುತ್ತಾನೆ. ಆಮೇಲೆ ವಿಕ್ಟರ್‌ನ ಪುಟ್ಟ ತಮ್ಮ ಸಿಗುತ್ತಾನೆ, ಕತ್ತು ಹಿಸುಕುತ್ತಾನೆ. ಆ ಹುಡುಗನ ಕೊರಳ ಪದಕವನ್ನು ಮಲಗಿದ್ದ ಕೆಲಸದ ಹುಡುಗಿ ಜಸ್ಟೀನ್‌ಳ ಬಟ್ಟೆಯ ಮಡಿಕೆಯಲ್ಲಿ ಇಟ್ಟುಬರುತ್ತಾನೆ, ಅವಳನ್ನು ಗಲ್ಲಿಗೇರಿಸುತ್ತಾರೆ. ಕೊಂದವನು ಯಾರು ಅಂತ ವಿಕ್ಟರ್‌ಗೆ ಗೊತ್ತು, ಆದರೆ ಕೋರ್ಟಿನಲ್ಲಿ ಬಾಯಿ ಬಿಡುವುದಿಲ್ಲ. ಈಗ ನಮ್ಮ ಕನಿಕರ ಎಲ್ಲಿಗೆ ಹೋಗಬೇಕು? ಜೀವಿಯನ್ನು ಬರೀ ಪಾಪದವನು ಮಾಡಿದರೆ ಕಥೆ ಸತ್ತಂತೆ.

ಎರೆಹೊಲ ಅವರೆ, ಆ ಓಣಿಯನ್ನು ನಾನು ತೆಗೆದುಕೊಳ್ಳುತ್ತೇನೆ. ಹಾಸ್ಟೆಲ್ ಬಿಟ್ಟೆ.

ಕಿನ್ನಾಳ ಗೊಂಬೆ (ಕೊಪ್ಪಳ)

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮಗುವಿನ ಕೊಲೆ ಬೇಕೇ ಅಂತ ಒಂದು ಸಲ ಯೋಚಿಸಿ ಮೇಡಂ. ಶಾಲೆಯ ಗ್ರಂಥಾಲಯಕ್ಕೆ ತರಿಸುವಾಗ ಮೊದಲು ಆ ಪುಟ ತೆರೆದು ತೋರಿಸುತ್ತಾರೆ.

ಅದಿರಲಿ, ನಾನು ಬರೆಯಲು ಬಂದದ್ದು ಬೇರೆ. ನಮ್ಮ ತೊಗಲುಗೊಂಬೆ ಆಟದ ಕಿಳ್ಳೇಕ್ಯಾತನನ್ನು ನೆನಪು ಮಾಡಿಕೊಳ್ಳಿ. ಕಪ್ಪು ಮೈ, ಡೊಳ್ಳು ಹೊಟ್ಟೆ, ಕೆದರಿದ ಕೂದಲು, ಬಾಯಿ ಬಿಟ್ಟರೆ ಬೈಗುಳ. ರಾಮ ಮಾತಾಡುವಾಗ ತೂಕಡಿಸುವ ಮಕ್ಕಳು ಕಿಳ್ಳೇಕ್ಯಾತ, ಬಂಗಾರಕ್ಕ ಬಂದ ಕೂಡಲೇ ಎದ್ದು ಕೂರುತ್ತವೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮಕ್ಕಳಿಗೆ ಆ ಗೊಂಬೆಗಳ ಬಗ್ಗೆ ಪಾಠ ಮಾಡಿದೆ. ಗೊಂಬೆಯನ್ನು ಹತ್ತಿರದಿಂದ ನೋಡಿದ್ದೀರಾ? ತೊಗಲನ್ನು ಬೆಳಕು ಹಾಯುವಷ್ಟು ಹೆರೆದು, ತೋಳು ಬೇರೆ, ಮುಂಗೈ ಬೇರೆ ಕತ್ತರಿಸಿ ದಾರದ ಗಂಟಿನಿಂದ ಸೇರಿಸಿರುತ್ತಾರೆ. ಹಿಂದೆ ದೀಪ ಹಿಡಿದರೆ ಬಣ್ಣವೆಲ್ಲ ಹೊಳೆಯುತ್ತದೆ, ಗಂಟು ಮಾತ್ರ ಕಪ್ಪಗೆ ಉಳಿಯುತ್ತದೆ. ನಿಮ್ಮ ಜೀವಿ ಅದನ್ನೊಮ್ಮೆ ನೋಡಬೇಕು.

ನಾನು ಹೇಳುವುದೇನೆಂದರೆ, ವಿಕಾರ ಕಂಡರೆ ನಮ್ಮ ಹಳ್ಳಿಯವರು ಕಿರುಚಿ ಓಡುವವರಲ್ಲ. ಮೊದಲು ನಿಂತು ನೋಡುತ್ತಾರೆ, ಆಮೇಲೆ ಕೇಳುತ್ತಾರೆ: ‘ಯಾವೂರಪ್ಪ? ಯಾರ ಪೈಕಿ?’ ಎಂಟಡಿ ಇದ್ದರೂ, ಹಳದಿ ಇದ್ದರೂ, ಇದಕ್ಕೆ ಉತ್ತರ ಸರಿ ಬಂದರೆ ಒಂದು ಲೋಟ ಚಹಾ ಸಿಗುತ್ತದೆ. ಉತ್ತರ ಬಾರದಿದ್ದರೆ ಕೆಟ್ಟ.

ಕೆಂಧೂಳಿ (ಬಳ್ಳಾರಿ)

ಮೇಡಂ, ಕಾಕಾ ಅವರಿಗೆ ನಾನು ಸುತ್ತಿ ಬಳಸಿ ಹೇಳಿದ್ದನ್ನು ನೀವು ಎರಡೇ ಮಾತಿನಲ್ಲಿ ಹೇಳಿದಿರಿ. ಜಿನೀವಾದಲ್ಲಿ ಅವನ ಮುಖ ಅವನಿಗೆ ಶತ್ರು. ನಮ್ಮಲ್ಲಿ ಆ ಪ್ರಶ್ನೆ ಶತ್ರು. ಕುರುಡಿ ಮುದುಕಿ ಕೂಡ ಅದನ್ನು ಕೇಳಿಯೇ ಕೇಳುತ್ತಾಳೆ. ‘ಉಂಡಿಯೇನಪಾ’ ಆದ ಮೇಲೆ ಎರಡನೆಯ ಮಾತು ಅದೇ.

ಮಗುವಿನ ಕೊಲೆಯನ್ನು ನಾನು ತೆಗೆಯುವುದಿಲ್ಲ. ರಕ್ತ ತೋರಿಸುವುದಿಲ್ಲ, ಆದರೆ ಆದದ್ದು ಆಗಿಯೇ ಆಗುತ್ತದೆ.

ಕರಿಕೋಟು (ರಾಯಚೂರು)

ವಕೀಲನಾಗಿ ಎರಡು ಮಾತು. ಹಕ್ಕುಸ್ವಾಮ್ಯದ ಹೆದರಿಕೆ ಬೇಡ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿದ ಮೇಲೆ 60 ವರ್ಷ. ನೀವು ಹೇಳಿದವರಲ್ಲಿ ಕೊನೆಗೆ ತೀರಿದವರು ವೆಲ್ಸ್, 1946ರಲ್ಲಿ. ಆ ಲೆಕ್ಕ 2006ರ ಕೊನೆಗೇ ಮುಗಿದಿದೆ. ಸಿನಿಮಾದ ಬೋಲ್ಟು, ಚಪ್ಪಟೆ ತಲೆ ಮಾತ್ರ ತಮ್ಮ ಸೊತ್ತು ಅಂತ ಸ್ಟುಡಿಯೋದವರು ತಕರಾರು ತೆಗೆಯಬಹುದು, ಮುಖಪುಟ ಬರೆಯುವ ಕಲಾವಿದರಿಗೆ ಮೊದಲೇ ಹೇಳಿ. ನೀವು ಹೇಳಿದ ಆ 1922ರ ಮೂಕಿ ಚಿತ್ರದವರು ಅನುಮತಿಯಿಲ್ಲದೆ ಡ್ರಾಕುಲಾ ಕಥೆ ಎತ್ತಿದ್ದಕ್ಕೆ ಸ್ಟೋಕರ್‌ನ ಹೆಂಡತಿ ಕೇಸು ಹಾಕಿ ಗೆದ್ದರು. ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಆದೇಶವಾಯಿತು. ಕೆಲವು ತಪ್ಪಿಸಿಕೊಂಡವು, ಅದಕ್ಕೇ ಇವತ್ತು ನೋಡಲು ಸಿಗುತ್ತಿದೆ.

ಎರಡನೆಯದು ‘ಯಾರ ಪೈಕಿ’ಗೆ ಸಂಬಂಧಿಸಿದ್ದು. ವಿಕ್ಟರ್ ಹೆಣದ ಮನೆ, ಶವ ಕೊಯ್ಯುವ ಕೋಣೆ, ಕಸಾಯಿಖಾನೆಗಳಿಂದ ಸಾಮಾನು ತರುತ್ತಾನೆ. ನಮ್ಮಲ್ಲಿ 1957ರ ಅನಾಟಮಿ ಕಾಯ್ದೆ ಇದೆ. ವಾರಸುದಾರರು ಯಾರೂ ಬಾರದ ಶವಗಳು ಅದರ ಮೂಲಕ ವೈದ್ಯಕೀಯ ಕಾಲೇಜುಗಳಿಗೆ ಕಲಿಕೆಗೆ ಹೋಗುತ್ತವೆ. ಅಂದರೆ ಇಲ್ಲಿ ಹುಟ್ಟುವ ನಿಮ್ಮ ಜೀವಿ ಪೂರ್ತಿ ವಾರಸುದಾರರಿಲ್ಲದವರಿಂದ ಆದವನು. ಬಸ್‌ಸ್ಟ್ಯಾಂಡಿನಲ್ಲಿ, ಹಳಿ ಪಕ್ಕದಲ್ಲಿ, ಆಸ್ಪತ್ರೆ ವರಾಂಡದಲ್ಲಿ ತೀರಿದವರು. ಯಾರ ಪೈಕಿ ಅಂದರೆ, ಯಾರ ಪೈಕಿಯೂ ಅಲ್ಲದವರ ಪೈಕಿ.

ಎರೆಹೊಲ (ಕುಷ್ಟಗಿ)

ವಕೀಲ್ರ, ಗುಳೆ ಹೋದವರಾಗ ಹಂಗ ಸತ್ತವರು ಅದಾರ. ಊರಿಗೆ ಸುದ್ದಿ ಬರೂದರಾಗ ತಿಂಗಳಾಗಿರತೈತಿ. ಮುದುಕಿಗೆ ಇನ್ನೊಬ್ಬ ಮಗ ಇದ್ದ, ಹೋದವ ತಿರುಗಿ ಬಂದಿಲ್ಲ ಅಂತ ಇಡ್ರಿ. ಕೈ ಹಿಡದು ನೋಡಿದಾಕಿಗೆ ಆ ಕೈ...

ಕೆಂಧೂಳಿ (ಬಳ್ಳಾರಿ)

ಸಾಕು, ಇನ್ನು ಬರೆಯಬೇಡಿ ಇಲ್ಲಿ! ಪುಸ್ತಕಕ್ಕೆ ಉಳಿಯಲಿ.

(ನಿಜ ಹೇಳಬೇಕೆಂದರೆ ಅದು ಸಿನಿಮಾ ತಿರುವು ಆಗಿಬಿಡುವ ಅಪಾಯವೂ ಇದೆ. ಮುದುಕಿಗೆ ಅನುಮಾನ ಬರಲಿ, ಖಾತ್ರಿ ಆಗಬಾರದು.)

ಮಿರ್ಚಿಮಂಡಕ್ಕಿ

ಒಂದು ವಿಷಯ ಯಾರೂ ಎತ್ತುತ್ತಿಲ್ಲ. ಯಾರ ಪೈಕಿ ಅಂದರೆ ನಮ್ಮಲ್ಲಿ ಜಾತಿ ಕೇಳಿದ ಹಾಗೆ. ಒಂದು ಕೈ ಒಬ್ಬರದು, ಒಂದು ಕಾಲು ಇನ್ನೊಬ್ಬರದು. ಗುಡಿಯೊಳಗೆ ಯಾವ ಕಾಲು ಮೊದಲು ಇಡಬೇಕು ಅವನು?

ಕೌಲ್‌ಬಜಾರ್ ಕಾಕಾ

ಹುಡುಗಾಟದ ಮಾತಲ್ಲ ಇದು. ಮಕ್ಕಳ ಪುಸ್ತಕದಲ್ಲಿ ಜಾತಿ ತಂದರೆ ಗಲಾಟೆ.

ಸೆಕೆಂಡ್ ಪಿಯು ಸೈನ್ಸ್

ಕಾಕಾ, ನಮಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಾ? ಕ್ಲಾಸಿನಲ್ಲಿ ಹೊಸ ಹುಡುಗಿ ಬಂದರೆ ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತಾಗಿರುತ್ತೆ ‘ಯಾರ ಪೈಕಿ’ ಅಂತ. ಸರ್‌ನೇಮ್ ಕೇಳ್ತಾರೆ, ಅಡ್ಡಹೆಸರು ಇಲ್ಲ ಅಂದರೆ ಊರಲ್ಲಿ ಮನೆ ಯಾವ ಓಣಿ ಅಂತಾರೆ.

ಕೆಂಧೂಳಿ (ಬಳ್ಳಾರಿ)

ಜಾತಿ ಬರುತ್ತದೆ ಕಾಕಾ. ಭಾಷಣವಾಗಿ ಬರುವುದಿಲ್ಲ, ಪ್ರಶ್ನೆಯಾಗಿ ಬರುತ್ತದೆ. ಅವನು ಉತ್ತರ ಹೇಳುವುದಿಲ್ಲ. ಓದುವವರಿಗೆ ಉತ್ತರ ಬೇಕು ಅನಿಸಿದರೆ, ಯಾಕೆ ಬೇಕು ಅಂತ ಅವರೇ ಕೇಳಿಕೊಳ್ಳಲಿ.

ಝೆರಾಕ್ಸ್ ಅಂಗಡಿ (ಮಸ್ಕಿ)

ಸಾಹಿತ್ಯ ಗೊತ್ತಿಲ್ಲ ಮೇಡಂ, ಆದರೆ ಅರ್ಜಿ ಗೊತ್ತು. ಊರವರು ಸುಮ್ಮನಿದ್ದರೂ ಆಧಾರ್ ಸುಮ್ಮನಿರಲ್ಲ. ನಿಮ್ಮವನು ರೇಷನ್ ಅಂಗಡಿಗೆ ಹೋಗಿ ಹೆಬ್ಬೆಟ್ಟು ಒತ್ತಿದ ಕೂಡಲೇ ಸತ್ತವರ ಹೆಸರು ಬರುತ್ತೆ ಅಂತ ಬರೀಬೇಡಿ, ಹಾಗೆ ಆಗಲ್ಲ. ಅಲ್ಲಿ ನಂಬರ್ ಮೊದಲು ಕೊಡಬೇಕು, ಆ ನಂಬರಿನ ಬೆರಳು ಇದೇನಾ ಅಂತ ಮಾತ್ರ ಮೆಷಿನ್ ನೋಡುತ್ತೆ. ನಿಜವಾದ ಮಜಾ ಹೊಸ ಆಧಾರ್ ಮಾಡಿಸೋಕೆ ಹೋದಾಗ. ಹತ್ತೂ ಬೆರಳು, ಎರಡೂ ಕಣ್ಣು ತಗೋತಾರೆ, ಇರೋ ಎಲ್ಲರ ಜೊತೆ ಹೋಲಿಸ್ತಾರೆ. ಎಡಗೈ ಒಬ್ಬರದು, ಬಲಗೈ ಒಬ್ಬರದು ಇದ್ದರೆ ಅರ್ಜಿ ವಾಪಸ್ ಬರುತ್ತೆ: ಈಗಾಗಲೇ ಇದೆ ಅಂತ. ಯಾರ ಹೆಸರಲ್ಲಿ ಇದೆ ಅಂತ ಹೇಳಲ್ಲ. ಮತ್ತೆ ಹಾಕ್ತಾನೆ, ಮತ್ತೆ ವಾಪಸ್. ಇಂಥ ಮುಖ ಕೌಂಟರ್ ಮುಂದೆ ದಿನಾ ನೋಡ್ತೀನಿ. ಅವರು ಎಂಟಡಿ ಇರಲ್ಲ ಅಷ್ಟೆ.

ಕರಿಕೋಟು (ರಾಯಚೂರು)

ಇದು ನನಗೆ ಹೊಳೆದಿರಲಿಲ್ಲ. ಈ ಅಧ್ಯಾಯ ಒಂದೇ ಸಾಕು ಪುಸ್ತಕ ಕೊಳ್ಳುವುದಕ್ಕೆ.

ಸೆಕೆಂಡ್ ಪಿಯು ಸೈನ್ಸ್

ಡ್ರಾಕುಲಾನ ಮರೆತುಬಿಟ್ರಿ ಎಲ್ಲರೂ.

ಮಿರ್ಚಿಮಂಡಕ್ಕಿ

ಮರೆತಿಲ್ಲ, ಅವನಿಗೆ ನನ್ನ ಹತ್ತಿರ ಒಂದು ಇದೆ. ಕೌಂಟ್ ಡ್ರಾಕುಲಾ ಇಂಗ್ಲೆಂಡಿಗೆ ಹಡಗು ಹತ್ತಿದಾಗ 50 ಪೆಟ್ಟಿಗೆ ಮಣ್ಣು ತಂದ. ಸ್ವಂತ ನೆಲದ ಮಣ್ಣಿನಲ್ಲಿ ಮಲಗದಿದ್ದರೆ ಅವನಿಗೆ ಉಳಿಗಾಲ ಇಲ್ಲ. ಪುಸ್ತಕದ ಕೊನೆಯ ಅರ್ಧ ಭಾಗ ಆ ಪೆಟ್ಟಿಗೆ ಎಲ್ಲೆಲ್ಲಿ ಇಟ್ಟಿದ್ದಾನೆ ಅಂತ ಹುಡುಕೋದೇ.

ಇದನ್ನ ಸಂಡೂರಿಗೆ ತಂದು ತಿರುಗಿಸಿ. ಅವನು ಎಲ್ಲೂ ಹೋಗಿಲ್ಲ. ಅವನ ಮಣ್ಣೇ ಹೋಯಿತು. ಗುಡ್ಡದ ಒಳಗೆ ಶತಮಾನಗಳಿಂದ ಮಲಗಿದ್ದವನು ಒಂದು ದಿನ ಎದ್ದು ನೋಡ್ತಾನೆ, ತಲೆ ಮೇಲಿನ ಗುಡ್ಡ ಲಾರಿ ಹತ್ತಿದೆ. ನಮ್ಮ ಮಾವ ಆ ಕಾಲದಲ್ಲಿ ಅದಿರು ಲಾರಿ ಓಡಿಸ್ತಿದ್ದ, ಹೊಸಪೇಟೆ ರಸ್ತೆಯಲ್ಲಿ ಒಂದರ ಹಿಂದೆ ಒಂದು ನಿಂತು ರಾತ್ರಿ ಅಲ್ಲೇ ಅಡುಗೆ ಮಾಡ್ಕೊಂಡು ತಿಂತಿದ್ರಂತೆ. ಮಣ್ಣು ಬಂದರಿಗೆ, ಬಂದರಿಂದ ಚೀನಾಕ್ಕೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸಿದಾಗ ಇವನಿಗೆ ಉಳಿದದ್ದು ಯಾವುದೋ ಸ್ಟಾಕ್‌ಯಾರ್ಡಿನ ಒಂದು ಗುಪ್ಪೆ. ಅದರಲ್ಲೇ ಮಲಗ್ತಾನೆ. ಅದೂ ಹರಾಜಿಗೆ ಬರುತ್ತೆ.

ಕರಿಕೋಟು (ರಾಯಚೂರು)

ಕಾನೂನೂ ಇದಕ್ಕೇ ಒಪ್ಪುತ್ತದೆ. ಮೂಲದಲ್ಲಿ ಕೌಂಟ್ ಮನೆ ಕೊಳ್ಳಲು ಇಂಗ್ಲೆಂಡಿನ ಎಕ್ಸೆಟರ್ ಊರಿನಿಂದ ಹೊಸ ವಕೀಲನೊಬ್ಬನನ್ನು ಕರೆಸುತ್ತಾನೆ, ಪಾಪ ಹಾರ್ಕರ್ ಕಾಗದಪತ್ರ ಹಿಡಿದು ಹೋಗುತ್ತಾನೆ. ಇಲ್ಲಿ ವಿದೇಶಿಗ ಬಂದು ಹೊಲ ಕೊಳ್ಳುವ ಹಾಗಿಲ್ಲ. ಸ್ಥಳೀಯನಾದರೆ ಅಡ್ಡಿಯಿಲ್ಲ, 2020ರ ತಿದ್ದುಪಡಿಯ ನಂತರ ಕೃಷಿಕನೇ ಆಗಿರಬೇಕೆಂದೂ ಇಲ್ಲ. ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೊ ಹಿಡಿಯುತ್ತಾರೆ. ಹಾರ್ಕರ್‌ನ ಕ್ಷೌರದ ಕನ್ನಡಿಯಲ್ಲೇ ಕಾಣದವನು ವೆಬ್‌ಕ್ಯಾಮಿನಲ್ಲಿ ಹೇಗೆ ಬರುತ್ತಾನೋ ನೀವೇ ಯೋಚಿಸಿ.

ಝೆರಾಕ್ಸ್ ಅಂಗಡಿ (ಮಸ್ಕಿ)

‘ಸರ್ವರ್ ಡೌನ್’ ಅಂತಾರೆ. ನಾಳೆ ಬಾ ಅಂತಾರೆ.

ಕೌಲ್‌ಬಜಾರ್ ಕಾಕಾ

ನೋಡಿದಿರಾ, ನನ್ನ ‘ನಾಳೆ ಬಾ’ ಕೊನೆಗೆ ಸರ್ಕಾರಿ ಕಚೇರಿಗೆ ಹೋಗಿ ಸೇರಿತು.

ಕಿನ್ನಾಳ ಗೊಂಬೆ (ಕೊಪ್ಪಳ)

ಅದೃಶ್ಯ ಮನುಷ್ಯ ಏನಾದ? ಅವನನ್ನು ಬಿಟ್ಟರೆ ಬೇಸರ, ನನ್ನ ವಿದ್ಯಾರ್ಥಿಗಳಿಗೆ ಅವನೇ ಅಚ್ಚುಮೆಚ್ಚು.

ಕೆಂಧೂಳಿ (ಬಳ್ಳಾರಿ)

ಅವನಿಗೆ ಒಂದೇ ಅಧ್ಯಾಯ, ಆದರೆ ಅದನ್ನು ಬರೆಯುವಾಗ ಖುಷಿಪಟ್ಟಿದ್ದೇನೆ. ವೆಲ್ಸ್‌ನ ಗ್ರಿಫಿನ್ ಮಾಯವಾಗುವುದು ಮೈ ಮಾತ್ರ, ಬಟ್ಟೆಯಲ್ಲ. ಹಾಗಾಗಿ ಚಳಿಯಲ್ಲಿ ಬೆತ್ತಲೆ ತಿರುಗಬೇಕು. ತಿಂದದ್ದು ಅರಗುವ ತನಕ ಹೊಟ್ಟೆಯಲ್ಲಿ ಕಾಣುತ್ತದೆ, ನಾಯಿ ಮೂಸಿ ಹಿಡಿಯುತ್ತದೆ. ಲಂಡನ್ನಿನ ಮಸಿ, ಧೂಳು ಮೈಗೆ ಕೂತು ಇನ್ನು ಸ್ವಲ್ಪ ದಿನದಲ್ಲಿ ಕಂಡುಬಿಡುತ್ತೇನೆ ಅಂತ ಅವನೇ ಹೆದರುತ್ತಾನೆ. ಕೆಸರಿನ ಬರಿಗಾಲ ಗುರುತು ಹಿಡಿದು ಬೀದಿ ಹುಡುಗರು ಬೆನ್ನು ಹತ್ತುತ್ತಾರೆ. ಅವನನ್ನು ತೋರಣಗಲ್ಲಿನಿಂದ ಸಂಡೂರಿಗೆ ನಡೆಸಿದೆ. ಮೊದಲು ಕಣ್ಣರೆಪ್ಪೆ ಕೆಂಪಾಗುತ್ತದೆ. ಆಮೇಲೆ ಭುಜದ ಮೂಳೆ, ಬೆವರು ಇಳಿದ ಕಡೆ ಗೆರೆ ಬಿಟ್ಟು ಉಳಿದ ಬೆನ್ನೆಲ್ಲ. ಚಹಾದಂಗಡಿ ಬರುವ ಹೊತ್ತಿಗೆ ಅಲ್ಲಿ ಕೂತ ಲಾರಿಯವರಿಗೂ ಅವನಿಗೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ. ಯಾರೂ ತಲೆ ಎತ್ತಿ ನೋಡುವುದಿಲ್ಲ. ಬೆತ್ತಲೆ ಇದ್ದಾನೆ ಅಂತ ಅಂಗಡಿಯವನು ಒಂದು ಗೋಣಿಚೀಲ ಎಸೆಯುತ್ತಾನೆ, ಅಷ್ಟೆ.

ಜೆಕಿಲ್-ಹೈಡ್ ತೆಗೆಯುತ್ತಿದ್ದೇನೆ. ಯೋಚನೆ ಮಾಡಿದಷ್ಟೂ ಸುಳ್ಳು ಖಾತೆ ಇಟ್ಟುಕೊಂಡ ಹುಡುಗನೇ ಬರುತ್ತಾನೆ, ಅದು ಎಲ್ಲರಿಗೂ ಮೊದಲ ಏಟಿಗೇ ಹೊಳೆಯುವಂಥದ್ದು.

ಎರೆಹೊಲ (ಕುಷ್ಟಗಿ)

ಗೋಣಿಚೀಲ 👌

ಸೆಕೆಂಡ್ ಪಿಯು ಸೈನ್ಸ್

ಕೊನೆ ಹೇಳಿ ಅಕ್ಕೋರೆ. ಸಾಯ್ತಾನಾ? ಸಾಯಿಸಬೇಡಿ ಪ್ಲೀಸ್. ಅಥವಾ ಜೋಡಿ ಸಿಗುತ್ತಾ?

ಕೆಂಧೂಳಿ (ಬಳ್ಳಾರಿ)

ಜೋಡಿ ಸಿಗುವುದಿಲ್ಲ. ಮೂಲದಲ್ಲಿ ತನ್ನಂಥ ಒಬ್ಬಳನ್ನು ಮಾಡಿಕೊಡು, ನಾವಿಬ್ಬರೂ ಮನುಷ್ಯರ ಕಣ್ಣಿಗೆ ಬೀಳದಂತೆ ದೂರ ಹೋಗುತ್ತೇವೆ ಅಂತ ಬೇಡುತ್ತಾನೆ. ವಿಕ್ಟರ್ ಒಪ್ಪುತ್ತಾನೆ, ಅರ್ಧ ಮಾಡುತ್ತಾನೆ, ಅವನ ಕಣ್ಣೆದುರೇ ಹರಿದು ಹಾಕುತ್ತಾನೆ. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ, ಅವಳಿಗೂ ಇವನೇ ಬೇಕಿತ್ತೋ ಇಲ್ಲವೋ. ನಾನು ಆ ದೃಶ್ಯವನ್ನು ಅವಳ ಕಡೆಯಿಂದ ಬರೆಯುತ್ತಿದ್ದೇನೆ, ಎದ್ದೇಳದವಳ ಕಡೆಯಿಂದ. ಕಷ್ಟವಾಗುತ್ತಿದೆ, ಆದರೆ ನಿನಗೆ ನೀರು ಕುಡಿಯಲು ಏಳಲಾಗದ ಹೆದರಿಕೆ ಬೇಕು ಅಂದೆಯಲ್ಲ, ಅದು ಇಲ್ಲೇ ಸಿಗುತ್ತದೆ ಅಂತ ನನ್ನ ಲೆಕ್ಕ.

ಸಾಯುವುದು, ಬದುಕುವುದು ಮೇರಿಯೇ ತೋರಿಸಿಲ್ಲ. ಉತ್ತರ ಧ್ರುವದ ಕಡೆ ಹೋಗಿ ಚಿತೆ ಒಟ್ಟಿ ಸುಟ್ಟುಕೊಳ್ಳುತ್ತೇನೆ ಅಂತ ಹೇಳಿ ಹಡಗಿನ ಕಿಟಕಿಯಿಂದ ಹಿಮದ ತೆಪ್ಪದ ಮೇಲೆ ಹಾರುತ್ತಾನೆ, ಕತ್ತಲೆಯಲ್ಲಿ ಕಾಣದಾಗುತ್ತಾನೆ. ಸುಟ್ಟುಕೊಂಡದ್ದನ್ನು ನೋಡಿದವರಿಲ್ಲ. ನನ್ನವನೂ ಗುಳೆ ಹೋಗುವವರ ಬಸ್ಸು ಹತ್ತುತ್ತಾನೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಎಂಟಡಿ ಆಳು ಬಂದರೆ ಮೇಸ್ತ್ರಿ ಯಾರ ಪೈಕಿ ಅಂತ ಕೇಳಲಿಕ್ಕಿಲ್ಲ, ಎಷ್ಟು ಮೂಟೆ ಎತ್ತುತ್ತೀಯ ಅಂತ ಕೇಳುತ್ತಾನೆ.

ಮಿರ್ಚಿಮಂಡಕ್ಕಿ

ಎರಡನೇ ಭಾಗಕ್ಕೆ ದಾರಿ ಬಿಟ್ಟುಕೊಂಡ್ರಿ ಮೇಡಂ, ಬುದ್ಧಿವಂತರು.

ಕೌಲ್‌ಬಜಾರ್ ಕಾಕಾ

ಅಮ್ಮಾ, ದೊಡ್ಡಾಟದ ಅಧ್ಯಾಯ ಕಳಿಸು. ರಾಕ್ಷಸ ಪ್ರವೇಶಕ್ಕೆ ಮುಂಚೆ ಒಳಗಿನಿಂದ ಒಂದು ಅಬ್ಬರ ಬರುತ್ತದೆ, ವೇಷ ಆಮೇಲೆ. ಅದನ್ನು ತಪ್ಪಿಸಬೇಡ. ನಿನ್ನವನು ಆಟ ನೋಡಲು ಜನರ ಹಿಂದೆ ಕೂತಿದ್ದರೆ ಅವನನ್ನೂ ವೇಷದವನೇ ಅಂದುಕೊಂಡು ಚೌಕಿಗೆ ಕರೆದುಕೊಂಡು ಹೋದಾರು, ಬಣ್ಣ ಒರೆಸಿಕೋ ಬಾ ಅಂತ.

ಕೆಂಧೂಳಿ (ಬಳ್ಳಾರಿ)

ಕಾಕಾ!! ಇದನ್ನು ಇಷ್ಟು ಹೊತ್ತು ಯಾಕೆ ಇಟ್ಟುಕೊಂಡಿದ್ದಿರಿ?

ಮೊದಲು ಗುಳೆ ಓಣಿಯ ಅಧ್ಯಾಯ ತಿದ್ದಿ ಮುಗಿಸುತ್ತೇನೆ. ಕುಷ್ಟಗಿ ಕಡೆ ಮಾತು ನನಗೆ ಪೂರ್ತಿ ಒಗ್ಗಿಲ್ಲ, ಎರೆಹೊಲ ಅವರು ಒಂದು ಸಲ ನೋಡಿಕೊಡಬೇಕು.

ಎರೆಹೊಲ (ಕುಷ್ಟಗಿ)

ಕಳಸ್ರಿ ಅಕ್ಕೋರ. ಆದರ ಮುದುಕಿ ಬಾಯಾಗ ಎಲೆ ಅಡಿಕಿ ಇರಬೇಕು. ಪುಸ್ತಕದಂಗ ಮಾತಾಡಿದ್ಲಂದ್ರ ಪುಟಾನ ವಾಪಸ್ ಕಳಸತೀನಿ.